ಕಿಟಕಿ ತೆರೆದರೆ ಸಾಲದು, ಕರೆಗೆ ಓಗೊಡಬೇಕು
ಗಣಕದ ಪರದೆಯಲ್ಲಿ ಒತ್ತಿದ ಗುಂಡಿಯ ಹಿಂದೆ ನಡೆಯುವ ಕೆಲಸ

ಶಾಲೆಯಲ್ಲಿ ಪ್ರೋಗ್ರಾಂ ಬರೆಯಲು ಕಲಿಯುವ ಮಕ್ಕಳ ಮೊದಲ ಪ್ರಯತ್ನಗಳು ಸಾಮಾನ್ಯವಾಗಿ ಪ್ರಶ್ನೋತ್ತರದ ರೂಪದಲ್ಲಿರುತ್ತವೆ. ಯಂತ್ರ ಹೆಸರು ಕೇಳುತ್ತದೆ, ವಿದ್ಯಾರ್ಥಿ ಬರೆಯುತ್ತಾನೆ; ಅಂಕ ಕೇಳುತ್ತದೆ, ಅದನ್ನೂ ಬರೆಯುತ್ತಾನೆ. ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ನಿರ್ಧರಿಸುವುದು ಪ್ರೋಗ್ರಾಂ. ಆದರೆ ಪರದೆಯ ಮೇಲೆ ಕಿಟಕಿ, ಗುಂಡಿ, ಪಟ್ಟಿಗಳು ಮೂಡಿದೊಡನೆ ಈ ಯಜಮಾನಿಕೆ ತಿರುಗುಮುರುಗಾಗುತ್ತದೆ. ಬಳಸುವವನು ಯಾವ ಗುಂಡಿಯನ್ನು ಯಾವಾಗ ಒತ್ತುವನೆಂದು ಪ್ರೋಗ್ರಾಮಿಗೆ ಮೊದಲೇ ತಿಳಿದಿರುವುದಿಲ್ಲ. ಅದು ಕಾದಿದ್ದು, ಕರೆ ಬಂದಾಗ ಓಗೊಡಬೇಕು. ಚಿತ್ರರೂಪದ ತಂತ್ರಾಂಶಗಳೆಲ್ಲವೂ ನಿಂತಿರುವುದು ಈ ಒಂದು ತತ್ತ್ವದ ಮೇಲೆ.

ಕಿಟಕಿಗಳು ಬಂದ ದಾರಿ

ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್ 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ತುಂಬಿದ ಸಭೆಯ ಮುಂದೆ ಮೌಸ್ ಎಂಬ ಸಾಧನವನ್ನು ಬಳಸಿ ತೋರಿಸಿದರು. ಅದರ ಮೊದಲ ಮಾದರಿ ಮರದ ಪೆಟ್ಟಿಗೆಯಾಗಿತ್ತು. 1973ರಲ್ಲಿ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ ಆಲ್ಟೋ ಎಂಬ ಗಣಕ ಸಿದ್ಧವಾಯಿತು. ಮೇಜಿನ ಮೇಲೆ ಹರಡಿದ ಕಾಗದಗಳಂತೆ ಒಂದರ ಮೇಲೊಂದು ಬೀಳುವ ಕಿಟಕಿಗಳು ಅಲ್ಲಿ ರೂಪುಗೊಂಡವು. 1984ರಲ್ಲಿ ಆ್ಯಪಲ್ ಸಂಸ್ಥೆಯ ಮ್ಯಾಕಿಂಟಾಶ್ ಅದನ್ನು ಜನಸಾಮಾನ್ಯರ ಬಳಿಗೆ ತಂದಿತು. 1985ರಲ್ಲಿ ಬಂದ ಮೈಕ್ರೋಸಾಫ್ಟ್ ವಿಂಡೋಸ್ ಮೊದಲ ಆವೃತ್ತಿಯಲ್ಲಿ ಪ್ರೋಗ್ರಾಂಗಳ ಕಿಟಕಿಗಳು ಒಂದರ ಮೇಲೊಂದು ಬೀಳುವಂತಿರಲಿಲ್ಲ. ಹೆಂಚಿನಂತೆ ಪಕ್ಕಪಕ್ಕದಲ್ಲಿ ಕುಳಿತಿರುತ್ತಿದ್ದವು. 1987ರ ಎರಡನೆಯ ಆವೃತ್ತಿಯಲ್ಲಿ ಆ ಕಟ್ಟು ಸಡಿಲವಾಯಿತು.

ಮೇಲಿನದು ಯಾರು?

ಕಿಟಕಿಗಳು ಒಂದರ ಮೇಲೊಂದು ಬಿದ್ದಾಗ ಹೊಸ ಪ್ರಶ್ನೆ ಹುಟ್ಟುತ್ತದೆ: ಮೌಸ್ ಒತ್ತಿದ ಸುದ್ದಿ ಯಾರಿಗೆ ಸೇರಬೇಕು? ವ್ಯವಸ್ಥೆಯು ಕಿಟಕಿಗಳ ಮೇಲು-ಕೆಳಗಿನ ಕ್ರಮವನ್ನು ನೆನಪಿನಲ್ಲಿಟ್ಟುಕೊಂಡಿರುತ್ತದೆ. ಬಾಣದ ತುದಿ ನಿಂತ ಸ್ಥಳದಲ್ಲಿ ಎಲ್ಲಕ್ಕಿಂತ ಮೇಲಿರುವ ಕಿಟಕಿಗೆ ಸುದ್ದಿ ಹೋಗುತ್ತದೆ.

ಮುಂದಿನದು ಸರಳ ಗಣಿತ. ಪರದೆಯ ಅಳತೆ ಆರಂಭವಾಗುವುದು ಎಡ ಮೇಲ್ತುದಿಯಿಂದ. ಗಣಿತ ಪುಸ್ತಕದ ನಕ್ಷೆಗೆ ವಿರುದ್ಧವಾಗಿ ಇಲ್ಲಿ ಕೆಳಕ್ಕೆ ಹೋದಂತೆ ವೈ ಅಕ್ಷದ ಬೆಲೆ ಹೆಚ್ಚುತ್ತದೆ. ಮೌಸ್ ಒತ್ತಿದ ಸ್ಥಳ ಪರದೆಯಲ್ಲಿ (500, 300), ಕಿಟಕಿಯ ಎಡ ಮೇಲ್ತುದಿ (400, 200) ಎಂದಿರಲಿ. ಕಳೆದರೆ ಕಿಟಕಿಯೊಳಗಿನ ಸ್ಥಾನ (100, 100). ಗುಂಡಿಯು ಅಡ್ಡಲಾಗಿ 80ರಿಂದ 160ರವರೆಗೆ, ಕೆಳಮುಖವಾಗಿ 90ರಿಂದ 120ರವರೆಗೆ ಹರಡಿದ್ದರೆ ಆ ಬಿಂದು ಗುಂಡಿಯ ಒಳಗಿದೆ. ಕಿಟಕಿಯನ್ನು ಎಲ್ಲಿಗೆ ಎಳೆದರೂ ಗುಂಡಿ ಕೆಲಸ ಮಾಡುವುದು ಈ ವ್ಯವಕಲನದ ಬಲದಿಂದ.

ಮೌಸನ್ನು ಒತ್ತುವುದು ಮತ್ತು ಬಿಡುವುದು ಎರಡು ಬೇರೆ ಘಟನೆಗಳು. ಬಹುತೇಕ ತಂತ್ರಾಂಶಗಳಲ್ಲಿ ಗುಂಡಿಯ ಮೇಲೆ ಒತ್ತಿ, ಅದೇ ಗುಂಡಿಯ ಮೇಲೆ ಬಿಟ್ಟರಷ್ಟೇ ಆಜ್ಞೆ ನಡೆಯುತ್ತದೆ. ತಪ್ಪು ಗುಂಡಿ ಒತ್ತಿದವರು ಬೆರಳೆತ್ತುವ ಮೊದಲು ಬಾಣವನ್ನು ಪಕ್ಕಕ್ಕೆ ಸರಿಸಿ ಪಾರಾಗಬಹುದು.

ಕೀಲಿಮಣೆಗೆ ಇಂತಹ ಸ್ಥಾನವಿಲ್ಲ. ಆದ್ದರಿಂದ ಯಾವುದಾದರೂ ಒಂದು ಕಿಟಕಿ, ಅದರೊಳಗಿನ ಒಂದು ಬರಹಪೆಟ್ಟಿಗೆ, ಆ ಹೊತ್ತಿಗೆ ಕಿವಿಗೊಡುವ ಅಧಿಕಾರ ಪಡೆದಿರುತ್ತದೆ. ಇದಕ್ಕೆ ಫೋಕಸ್ ಎನ್ನುತ್ತಾರೆ. ಮಿನುಗುವ ಗೀಟು ಅದರ ಗುರುತು. ಗುಪ್ತಪದ ಬರೆಯುತ್ತಿರುವಾಗ ಬೇರೊಂದು ಕಿಟಕಿ ಮುಂದೆ ಜಿಗಿದು ಫೋಕಸ್ ಕಸಿದುಕೊಂಡರೆ, ಗುಟ್ಟಿನ ಅಕ್ಷರಗಳು ಎಲ್ಲರಿಗೂ ಕಾಣುವಲ್ಲಿ ಬೀಳುತ್ತವೆ. ಮೌಸ್ ಹಿಡಿಯಲಾಗದವರು ಟ್ಯಾಬ್ ಕೀಲಿಯಿಂದ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಸಾಗುವುದೂ ಫೋಕಸ್ಸಿನ ಮೂಲಕವೇ. ಅದರ ಕ್ರಮ ಅಡ್ಡಾದಿಡ್ಡಿಯಾದರೆ ಅವರ ಪಾಲಿಗೆ ತಂತ್ರಾಂಶದ ಬಾಗಿಲು ಮುಚ್ಚಿದಂತೆ.

ಸರದಿಯಲ್ಲಿ ನಿಂತ ಸುದ್ದಿಗಳು

ಒತ್ತು, ಚಲನೆ, ಕೀಲಿ ಇವೆಲ್ಲವೂ ಪ್ರೋಗ್ರಾಮಿನ ಬಳಿ ಒಂದು ಸರದಿಯಲ್ಲಿ ನಿಲ್ಲುತ್ತವೆ. ಶಾಲಾ ಕಚೇರಿಯ ಗುಮಾಸ್ತರು ಬಂದ ಪತ್ರಗಳನ್ನು ಒಂದೊಂದಾಗಿ ಒಡೆದು ಸಂಬಂಧಪಟ್ಟ ಅಧ್ಯಾಪಕರಿಗೆ ತಲುಪಿಸುವಂತೆ, ಪ್ರೋಗ್ರಾಮಿನ ಒಂದು ಆವರ್ತನವು ಸರದಿಯಿಂದ ಸುದ್ದಿಯೊಂದನ್ನು ತೆಗೆದು, ತಕ್ಕ ಕಾರ್ಯಭಾಗಕ್ಕೆ ಒಪ್ಪಿಸಿ, ಮತ್ತೆ ಸರದಿಯತ್ತ ಮರಳುತ್ತದೆ. ಪರದೆಯನ್ನು ಮತ್ತೆ ಬಿಡಿಸಬೇಕೆಂಬ ಸುದ್ದಿಯೂ ಇದೇ ಸರದಿಯಲ್ಲಿ ಬರುತ್ತದೆ.

ಗುಮಾಸ್ತರೇ ಒಂದು ಪತ್ರ ಹಿಡಿದು ದೀರ್ಘ ಲೆಕ್ಕಕ್ಕೆ ಕುಳಿತರೆ ಉಳಿದ ಪತ್ರಗಳು ಹಾಗೆಯೇ ಉಳಿಯುತ್ತವೆ. ಗುಂಡಿ ಒತ್ತಿದಾಗ ನಡೆಯುವ ಕೆಲಸ ಬಹಳ ಹೊತ್ತು ಹಿಡಿದರೆ ಕಿಟಕಿ ಮರಗಟ್ಟುವುದು ಇದೇ ಕಾರಣಕ್ಕೆ. 5 ಸೆಕೆಂಡುಗಳವರೆಗೆ ಸರದಿಯತ್ತ ತಿರುಗಿ ನೋಡದ ಪ್ರೋಗ್ರಾಂ ಪ್ರತಿಕ್ರಿಯಿಸುತ್ತಿಲ್ಲವೆಂದು ವಿಂಡೋಸ್ ತೀರ್ಮಾನಿಸುತ್ತದೆ. ಆಗ ಅಸಹನೆಯಿಂದ ಮುದ್ರಣದ ಗುಂಡಿಯನ್ನು ನಾಲ್ಕು ಬಾರಿ ಒತ್ತಿದರೆ, ಆ ಒತ್ತುಗಳು ಸರದಿಯಲ್ಲಿ ಉಳಿದು ಬಳಿಕ ನಾಲ್ಕು ಪ್ರತಿಗಳಾಗಿ ಹೊರಬೀಳಬಹುದು. ಬಳಸುವವರು ತುಸು ತಾಳ್ಮೆ ವಹಿಸಬೇಕು. ಬರೆಯುವವರು ದೀರ್ಘ ಕೆಲಸವನ್ನು ಹಿನ್ನೆಲೆಯ ಬೇರೆ ಎಳೆಗೆ ವಹಿಸಿ, ಅದು ಮುಗಿಯುವವರೆಗೆ ಗುಂಡಿಯನ್ನು ನಿಷ್ಕ್ರಿಯಗೊಳಿಸಬೇಕು.

ಕೀಲಿ ಬೇರೆ, ಅಕ್ಷರ ಬೇರೆ

ಕನ್ನಡದ ಮಕ್ಕಳು ವಿಶೇಷವಾಗಿ ಗಮನಿಸಬೇಕಾದುದು ಇಲ್ಲಿದೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಒಂದು ಕೀಲಿಗೆ ಒಂದು ಅಕ್ಷರ. ಕನ್ನಡದಲ್ಲಿ ಹಾಗಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆಯಲ್ಲಿ ಕೆ, ಎಫ್, ಕೆ ಎಂಬ ಮೂರು ಕೀಲಿಗಳನ್ನು ಒತ್ತಿದಾಗ ‘ಕ್ಕ’ ಎಂಬ ಒಂದೇ ಅಕ್ಷರ ಮೂಡುತ್ತದೆ. ಯೂನಿಕೋಡ್ ಸಂಕೇತವೂ ಅದನ್ನು ಕ, ಹಲಂತ, ಕ ಎಂದು ಮೂರಾಗಿಯೇ ಶೇಖರಿಸುತ್ತದೆ. ‘ಕಾಸರಗೋಡು’ ಎಂಬುದು ಓದುವವರಿಗೆ ಐದು ಅಕ್ಷರ, ಯಂತ್ರಕ್ಕೆ ಎಂಟು ಸಂಕೇತ. ‘ಸೊಲ್ಲಾಪುರ’ ನಾಲ್ಕು ಅಕ್ಷರ, ಒಂಬತ್ತು ಸಂಕೇತ.

ಕೀಲಿಗಳನ್ನಷ್ಟೇ ಎಣಿಸುವ, ಇಂಗ್ಲಿಷ್ ವರ್ಣಮಾಲೆಯ 26 ಅಕ್ಷರಗಳನ್ನಷ್ಟೇ ಒಪ್ಪುವ ಪ್ರೋಗ್ರಾಂ ನಮ್ಮ ಹೆಸರುಗಳನ್ನು ಕತ್ತರಿಸುತ್ತದೆ ಇಲ್ಲವೆ ತಿರಸ್ಕರಿಸುತ್ತದೆ. ಎಂಟು ಸಂಕೇತಗಳಿಗಷ್ಟೇ ಜಾಗವಿರುವ ಪೆಟ್ಟಿಗೆಯಲ್ಲಿ ಸೊಲ್ಲಾಪುರದ ಕೊನೆಯ ‘ರ’ ಉಳಿಯುವುದಿಲ್ಲ. ಬರೆದವನಿಗೆ ಕನ್ನಡದ ಮೇಲೆ ದ್ವೇಷವಿದ್ದು ಹೀಗಾಗುವುದಲ್ಲ; ಅವನ ಮುಂದೆ ಕನ್ನಡದ ಹೆಸರೊಂದು ಇರಲಿಲ್ಲ, ಅಷ್ಟೆ. ಕೀಲಿಯ ಸುದ್ದಿಯನ್ನು ನಂಬದೆ, ಬರಹಪೆಟ್ಟಿಗೆಯಲ್ಲಿ ಕೊನೆಗೆ ಮೂಡಿದ ಪಠ್ಯವನ್ನು ಓದಿಕೊಳ್ಳುವುದು ಇದಕ್ಕೆ ಪರಿಹಾರ. ಕೀಲಿಗಳನ್ನು ಅಕ್ಷರವಾಗಿಸುವ ಹೊಣೆಯನ್ನು ವ್ಯವಸ್ಥೆಯೇ ಹೊತ್ತಿರುತ್ತದೆ.

ಮಕ್ಕಳು ಮಾಡಿ ನೋಡಲು

ಕೇರಳದ ಸರಕಾರಿ ಶಾಲೆಗಳಲ್ಲಿ ಲಿನಕ್ಸ್ ಆಧಾರಿತ ಸ್ವತಂತ್ರ ತಂತ್ರಾಂಶ ಬಳಕೆಯಲ್ಲಿದೆ. ಪೈಥಾನ್ ಭಾಷೆಯ ಜತೆಗೆ ದೊರೆಯುವ ಟಿಕಿಂಟರ್ ಎಂಬ ಉಪಕರಣದಿಂದ ಕೆಲವೇ ಸಾಲುಗಳಲ್ಲಿ ಕಿಟಕಿ, ಗುಂಡಿ ನಿರ್ಮಿಸಬಹುದು. ಒಂದು ಗುಂಡಿಯನ್ನು ಹತ್ತು ಸೆಕೆಂಡು ನಿದ್ರಿಸುವ ಆಜ್ಞೆಗೆ ಜೋಡಿಸಿ ಒತ್ತಿದರೆ ಕಿಟಕಿ ಮರಗಟ್ಟುವುದು ಕಣ್ಣಿಗೇ ಕಾಣುತ್ತದೆ. ಒತ್ತಕ್ಷರಗಳು ಸರಿಯಾಗಿ ಜೋಡಣೆಯಾಗಿ ಕಾಣಬೇಕಾದ ಕೆಲಸಗಳಿಗೆ ಜಿಟಿಕೆ, ಕ್ಯೂಟಿ ಎಂಬ ಉಪಕರಣಗಳು ಹೆಚ್ಚು ತಕ್ಕವು.

ಪ್ರೋಗ್ರಾಂ ಸಿದ್ಧವಾದ ಮೇಲೆ ಮೂರು ಪರೀಕ್ಷೆ ಮಾಡಬೇಕು: ಮೌಸ್ ಮುಟ್ಟದೆ ಟ್ಯಾಬ್ ಕೀಲಿಯೊಂದರಿಂದಲೇ ಎಲ್ಲ ಪೆಟ್ಟಿಗೆಗಳನ್ನು ತಲುಪಬಹುದೇ? ಒಂದೇ ಗುಂಡಿಯನ್ನು ಬೇಗಬೇಗನೆ ಎರಡು ಬಾರಿ ಒತ್ತಿದರೆ ಕೆಲಸ ಎರಡು ಬಾರಿ ನಡೆಯುವುದೇ? ಮನೆಯ ಹಿರಿಯರ ಪೂರ್ಣ ಹೆಸರನ್ನು, ಒತ್ತಕ್ಷರ ಸಹಿತ, ಅದು ಸ್ವೀಕರಿಸಿ ಮರಳಿ ಸರಿಯಾಗಿ ತೋರಿಸುವುದೇ? ಮೂರನೆಯ ಪರೀಕ್ಷೆಯಲ್ಲಿ ಅಜ್ಜಿಯನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಬಹುದು. ಪರದೆಯಲ್ಲಿ ತಮ್ಮ ಹೆಸರು ಸರಿಯಿದೆಯೇ ಎಂದು ಹೇಳಲು ಅವರಿಗೆ ಗಣಕಜ್ಞಾನ ಬೇಕಿಲ್ಲ, ಕನ್ನಡ ಓದಲು ಬಂದರೆ ಸಾಕು.