ಬಾವಿ ಕಲ್ಲು ಒಡೆಸಿದ ಹೊಲದಲ್ಲಿ ಡಿಟೋನೇಟರ್ ಸಿಕ್ಕರೆ

ಈ ವಾರ ಬೆಳೆ, ಗೊಬ್ಬರದ ಮಾತು ಸ್ವಲ್ಪ ಬದಿಗಿಡೋಣ. ಪಾಮನಕಲ್ಲೂರಿನಿಂದ ರೈತರೊಬ್ಬರು ಫೋನ್ ಮಾಡಿದ್ದರು. “ಮೂರು ವರ್ಷದ ಹಿಂದ ಮದ್ದು ಹಾಕ್ಸಿ ಬಾವಿ ಆಳ ಮಾಡ್ಸಿದ್ವಿ ಸರ್. ಈಗ ಬದುವಿನ ಕಲ್ಲು ಸರಿಸುವಾಗ ವೈರ್ ಇರೋ ಸಣ್ಣ ಬೆಳ್ಳನೆ ಕೊಳವಿ ಸಿಕ್ಕೈತಿ. ಮಳ್ಯಾಗ ನೆನದು ಸತ್ತಿರತೈತಿ, ಒಗೆದ್ರ ನಡೀತೈತಲ್ರಿ?”

ನಡೆಯಲ್ಲ. ಅದು ಡಿಟೋನೇಟರ್. ಪೆನ್ನಿನಷ್ಟು ದಪ್ಪ, ಬೆರಳುದ್ದದ ಅಲ್ಯೂಮಿನಿಯಂ ಕೊಳವೆ. ಜಿಲೆಟಿನ್ ಕಡ್ಡಿ ತಾನಾಗಿ ಸುಲಭಕ್ಕೆ ಸಿಡಿಯುವುದಿಲ್ಲ, ಅದನ್ನು ಎಬ್ಬಿಸುವುದೇ ಈ ಕೊಳವೆ. ಇದರೊಳಗೆ ಸಾಮಾನ್ಯವಾಗಿ ಲೆಡ್ ಅಜೈಡ್ ಎಂಬ ಪುಡಿ ಇರುತ್ತದೆ.

ಅಜೈಡ್ ಅಂದರೆ ಸಾರಜನಕದ ಮೂರು ಪರಮಾಣು ಒಂದರ ಹಿಂದೊಂದು ಸಾಲಾಗಿ ನಿಂತ ಕಣ. ಗಾಳಿಯಲ್ಲಿ ಸಾರಜನಕ ಜೋಡಿಯಾಗಿ, ಬಹಳ ಬಿಗಿಯಾಗಿ ಅಂಟಿಕೊಂಡಿರುತ್ತದೆ. ತೊಗರಿ ಬೇರಿನ ಗಂಟಿನಲ್ಲಿರುವ ರೈಜೋಬಿಯಂ ಆ ಜೋಡಿ ಬಿಡಿಸಲು ಗಿಡದ ಸಕ್ಕರೆಯನ್ನೇ ಸುರಿದು ಒದ್ದಾಡುತ್ತದೆ. ಅಜೈಡಿನದ್ದು ಉಲ್ಟಾ ದಾರಿ. ಮೂರರ ಸಾಲು ಮುರಿದು ಮತ್ತೆ ಜೋಡಿಯಾಗಲು ಅದು ಕಾಯುತ್ತಿರುತ್ತದೆ. ಸಣ್ಣ ಪೆಟ್ಟು, ಉಜ್ಜು, ಕಿಡಿ ಸಾಕು. ಸೀಸ ಒಂದು ಕಡೆ, ಸಾರಜನಕದ ಅನಿಲ ಒಂದು ಕಡೆ, ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲ. ಉರಿಯಲು ಹೊರಗಿನ ಗಾಳಿಯೂ ಬೇಡ.

ಯೂರಿಯಾದಲ್ಲಿ ಶೇ. 46 ಸಾರಜನಕ, ಲೆಡ್ ಅಜೈಡಿನಲ್ಲಿ ಶೇ. 29ರಷ್ಟು ಮಾತ್ರ. ಎಷ್ಟಿದೆ ಅನ್ನೋದಕ್ಕಿಂತ ಹೇಗೆ ಕೂತಿದೆ ಅನ್ನೋದೇ ಇಲ್ಲಿ ಲೆಕ್ಕ. (ಇದರ ತಮ್ಮ ಸೋಡಿಯಂ ಅಜೈಡಿನಲ್ಲಿ ಶೇ. 64ಕ್ಕಿಂತ ಹೆಚ್ಚು ಸಾರಜನಕವಿದೆ. ಗೊಬ್ಬರ ಮಾಡಬಹುದಲ್ವಾ ಅಂದ್ಕೋಬೇಡಿ, ಅದು ಸಯನೈಡಿನ ಹಾಗೆ ಜೀವಕೋಶದ ಉಸಿರಾಟವನ್ನೇ ಕಟ್ಟುವ ವಿಷ.)

ಇನ್ನು ನೆನೆದ ಮಾತು. ಮೊದಲಿನ ಕಾಲದ ಕರಿ ಮದ್ದು ನೀರು ಬಿದ್ದರೆ ಕೆಡುತ್ತಿತ್ತು, ಆ ನಂಬಿಕೆ ಇನ್ನೂ ನಮ್ಮ ಜನರಲ್ಲಿ ಉಳಿದಿದೆ. ಲೆಡ್ ಅಜೈಡ್ ನೀರಿನಲ್ಲಿ ಕರಗುವುದೇ ಅತಿ ಕಡಿಮೆ, ಒದ್ದೆಯಾಗಿದ್ದರೂ ಸಿಡಿಯುತ್ತದೆ. ಇನ್ನೂ ಕೆಟ್ಟದ್ದೇನೆಂದರೆ, ತೇವ ಸೇರಿದಾಗ ಅದರಿಂದ ಹೈಡ್ರಜೋಯಿಕ್ ಆಮ್ಲ ಸ್ವಲ್ಪ ಸ್ವಲ್ಪ ಹೊರಬರುತ್ತದೆ. ಆ ಆಮ್ಲ ತಾಮ್ರಕ್ಕೆ ತಾಗಿದರೆ ತಾಮ್ರದ ಅಜೈಡ್ ಆಗುತ್ತದೆ, ಅದು ಲೆಡ್ ಅಜೈಡಿಗಿಂತಲೂ ಸೂಕ್ಷ್ಮ. ಕೊಳವೆಯನ್ನು ಅಲ್ಯೂಮಿನಿಯಂನಲ್ಲಿ ಮಾಡುವುದು ಇದೇ ಕಾರಣಕ್ಕೆ. ಹಾಗಾಗಿ ಹಳೆಯದು, ತುಕ್ಕು ಹಿಡಿದದ್ದು ಹೊಸದಕ್ಕಿಂತ ಸಾಧು ಅಂತ ತಿಳಿಯಬೇಡಿ.

ಸಿಕ್ಕರೆ ಮುಟ್ಟಬೇಡಿ. ವೈರ್ ಹಿಡಿದು ಎಳೆಯೋದು, ಸುಡೋದು, ಹೂಳೋದು, ಬಾವಿಗೆ ಎಸೆಯೋದು ಯಾವುದೂ ಬೇಡ. ದೂರದಲ್ಲಿ ಸುತ್ತ ಕಲ್ಲಿಟ್ಟು ಗುರುತು ಮಾಡಿ, ದನ, ಮಕ್ಕಳನ್ನು ಆ ಕಡೆ ಬಿಡದೆ, 112ಕ್ಕೆ ಫೋನ್ ಮಾಡಿ. ಮಕ್ಕಳ ಬಗ್ಗೆ ಒತ್ತಿ ಹೇಳ್ತೀನಿ: ಬಣ್ಣದ ವೈರ್ ಕಂಡರೆ ಟಾರ್ಚಿನ ಸೆಲ್‌ಗೆ ಮುಟ್ಟಿಸಿ ನೋಡೋ ವಯಸ್ಸು ಅದು, ಎಲೆಕ್ಟ್ರಿಕ್ ಡಿಟೋನೇಟರ್ ಎಬ್ಬಿಸಲು ಆ ಸೆಲ್ಲೇ ಸಾಕು. ಬೆರಳು, ಕಣ್ಣು ಹೋಗುತ್ತವೆ.

ಗೊತ್ತಿದ್ದವರ ಕೈಯಲ್ಲೂ ಇದು ತಪ್ಪುತ್ತದೆ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಬಳಿ ಕ್ವಾರಿಯ ಜಿಲೆಟಿನ್ ವಿಲೇವಾರಿಗೆ ಒಯ್ದಾಗ ಸಿಡಿದು ಆರು ಜನ ಸತ್ತರು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಶಿವಮೊಗ್ಗದ ಹುಣಸೋಡಿನಲ್ಲಿ ಲಾರಿಯಲ್ಲಿದ್ದ ಸ್ಫೋಟಕ ಸಿಡಿದಿತ್ತು.

ಈ ಬೇಸಿಗೆಯಲ್ಲಿ ಬಾವಿ ಕಲ್ಲು ಒಡೆಸುವವರಿದ್ದರೆ, ಮದ್ದು ಹಾಕುವವರ ಲೈಸೆನ್ಸ್ ಮೊದಲೇ ನೋಡಿ. ಹಟ್ಟಿ ಗಣಿಯಲ್ಲಿ ಕೆಲಸ ಮಾಡಿದ್ದೆ ಅನ್ನುವ ಬಾಯಿಮಾತು ಲೈಸೆನ್ಸ್ ಅಲ್ಲ. ಎಷ್ಟು ಡಿಟೋನೇಟರ್ ತಂದರು, ಎಷ್ಟು ಕುಳಿಗೆ ಹಾಕಿದರು, ಎಷ್ಟು ವಾಪಸ್ ಒಯ್ದರು ಅಂತ ಒಂದು ಚೀಟಿಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಹಾರದೆ ಉಳಿದ ಕುಳಿ ಇಲ್ಲ ಅಂತ ಅವರೇ ಇಳಿದು ನೋಡಿ ಹೇಳುವವರೆಗೆ ನಿಮ್ಮ ಆಳು ಬಾವಿಗೆ ಇಳಿಯಬಾರದು. ಹಳೇ ಕುಳಿಯ ತಳದಲ್ಲೇ ಮತ್ತೆ ಕೊರೆಯಲು ಹೊರಟರೆ ಕೆಲಸ ಅಲ್ಲಿಗೇ ನಿಲ್ಲಿಸಿ, ಕೂಲಿ ಹೋದರೂ ಚಿಂತಿಲ್ಲ. ಒಡೆದ ಕಲ್ಲನ್ನು ಬದುವಿಗೆ ಸಾಗಿಸುವ ಮುಂಚೆ ಹಗಲು ಬೆಳಕಲ್ಲಿ ವೈರ್ ತುಂಡು ಕಾಣ್ತಾವೇನು ಅಂತ ಅವರಿಂದಲೇ ನೋಡಿಸಿ.