ಉಕ್ಕಿನ ಕೋಟೆ ತೇಲೀತೇ?

ಚಂದ್ರವಳ್ಳಿಯಲ್ಲಿ ಒಂದು ಟ್ಯಾಂಕು ಇದೆ. ಗಾಬರಿ ಬೇಡ, ಅದಕ್ಕೆ ಫಿರಂಗಿಯಿಲ್ಲ, ಉಕ್ಕಿನ ಕವಚವೂ ಇಲ್ಲ. ಚಿತ್ರದುರ್ಗದ ಬೆಟ್ಟಸಾಲಿನ ನಡುವೆ ತಣ್ಣಗೆ ಮಲಗಿರುವ ಕೆರೆ ಅದು. ಇಲ್ಲಿನ ಭೈರವೇಶ್ವರ ಗುಡಿಯ ಬಳಿ ಬಂಡೆಯೊಂದರ ಮೇಲೆ ಕದಂಬ ಮಯೂರಶರ್ಮ ಕೆರೆ ಕಟ್ಟಿಸಿದ ಸಂಗತಿಯನ್ನು ಪ್ರಾಕೃತದಲ್ಲಿ ಕೊರೆಯಲಾಗಿದೆ. ನಾಲ್ಕನೆಯ ಶತಮಾನದ ಈ ಶಾಸನದ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವವರು ಕೆರೆಗೆ ಬಳಸುವ ಪದವೇ ಟ್ಯಾಂಕ್.

ನೀರಿನ ಈ ಪದ ಯುದ್ಧಕ್ಕೆ ಹೋದದ್ದು ಮೊದಲ ಮಹಾಯುದ್ಧದಲ್ಲಿ. ಬ್ರಿಟಿಷರು ಗುಟ್ಟಾಗಿ ತಯಾರಿಸುತ್ತಿದ್ದ ಉಕ್ಕಿನ ಬಂಡಿಯ ಸುಳಿವು ಶತ್ರುಗಳಿಗೆ ಸಿಗಬಾರದೆಂದು ಅದನ್ನು ನೀರಿನ ತೊಟ್ಟಿ ಎಂದು ಕರೆದರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ರಣರಂಗದಲ್ಲಿ ಆ ತೊಟ್ಟಿ ತೆವಳುತ್ತಾ ಬಂದಾಗ ಗುಟ್ಟು ಬಯಲಾಯಿತು. ಹೆಸರು ಮಾತ್ರ ಹಾಗೇ ಉಳಿಯಿತು.

ಮುಂದೆ ವೈಜ್ಞಾನಿಕ ಕಥೆಗಾರರು ಈ ತೊಟ್ಟಿಯನ್ನು ನೆಲದಿಂದ ಮೇಲೆತ್ತಿದರು. ಅಮೆರಿಕದ ಡೇವಿಡ್ ಡ್ರೇಕ್ ವಿಯೆಟ್ನಾಂ ಯುದ್ಧದಲ್ಲಿ ಟ್ಯಾಂಕು ಪಡೆಯೊಂದರ ಜೊತೆ ಇದ್ದವರು. 1979ರಲ್ಲಿ ಬಂದ ಅವರ 'ಹ್ಯಾಮರ್ಸ್ ಸ್ಲ್ಯಾಮರ್ಸ್' ಕಥೆಗಳಲ್ಲಿ ನೂರು ಟನ್ನಿಗೂ ಮೀರಿದ ಟ್ಯಾಂಕುಗಳು ಗಾಳಿಯ ಮೆತ್ತೆಯ ಮೇಲೆ ತೇಲುತ್ತಾ ಪರಲೋಕಗಳಲ್ಲಿ ಕಾದಾಡುತ್ತವೆ. ಆಮೇಲೆ ವಿಡಿಯೊ ಆಟಗಳಲ್ಲೂ ಇಂಥ ಟ್ಯಾಂಕುಗಳು ತುಂಬಿಕೊಂಡವು. ದಪ್ಪ ಕವಚ, ದೊಡ್ಡ ಫಿರಂಗಿ, ಜೊತೆಗೆ ಹಕ್ಕಿಯ ಹಗುರ! ಇದು ನಿಜಕ್ಕೂ ಸಾಧ್ಯವೇ?

ಗಾಳಿಯ ಮೆತ್ತೆಯ ಲೆಕ್ಕ

ಗಾಳಿಯ ಮೆತ್ತೆಯೇನೋ ಕಟ್ಟುಕಥೆಯಲ್ಲ. ಇಂಗ್ಲೆಂಡಿನ ಕ್ರಿಸ್ಟೋಫರ್ ಕಾಕರೆಲ್ ರೂಪಿಸಿದ ಹೋವರ್‌ಕ್ರಾಫ್ಟ್ 1959ರ ಜುಲೈನಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿತು. ತತ್ತ್ವ ಸರಳ. ವಾಹನದ ಅಡಿಗೆ ಫ್ಯಾನಿನಿಂದ ಗಾಳಿ ತುಂಬಿಸಬೇಕು. ಅದು ಬೇಗ ಸೋರಿಹೋಗದಂತೆ ಸುತ್ತ ರಬ್ಬರಿನ ಲಂಗ ಕಟ್ಟಬೇಕು. ಒಳಗಿನ ಒತ್ತಡ ವಾಹನದ ಭಾರಕ್ಕೆ ಸಮವಾದರೆ ವಾಹನ ಮೇಲೇಳುತ್ತದೆ.

ನಮ್ಮ ಅರ್ಜುನ್ ಟ್ಯಾಂಕಿನ ಹೊಸ ಮಾದರಿಯನ್ನೇ ಹೀಗೆ ತೇಲಿಸಿ ನೋಡೋಣ. ಭಾರ ಸುಮಾರು 68 ಟನ್. ಅಡಿಭಾಗ ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ ಎಂದಿಟ್ಟುಕೊಳ್ಳಿ. ಪ್ರತಿ ಚದರ ಮೀಟರ್ ಗಾಳಿ ಎರಡು ಟನ್ನಿಗಿಂತ ಹೆಚ್ಚು ಭಾರ ಹೊರಬೇಕು. ಅಷ್ಟು ಒತ್ತಡದ ಗಾಳಿ ಲಂಗದ ಕೆಳಗಿನ ಸಂದಿಯಿಂದ ಗಂಟೆಗೆ 600 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನುಗ್ಗುತ್ತದೆ. ಸಂದಿ ಹತ್ತು ಸೆಂಟಿಮೀಟರ್ ಇದ್ದರೆ, ಸೋರುವ ಗಾಳಿಯನ್ನು ಮತ್ತೆ ಮತ್ತೆ ತುಂಬಲು ಏಳು ಸಾವಿರ ಅಶ್ವಶಕ್ತಿಯಾದರೂ ಬೇಕು. ಅರ್ಜುನ್ ಎಂಜಿನ್ನಿನ ಶಕ್ತಿ 1,400 ಅಶ್ವಶಕ್ತಿ! ಸಂದಿಯನ್ನು ಎರಡು ಸೆಂಟಿಮೀಟರಿಗೆ ಇಳಿಸಿದರೆ ಲೆಕ್ಕ ಹೊಂದಿಕೆಯ ಹತ್ತಿರಕ್ಕೆ ಬರುತ್ತದೆ, ನಿಜ. ಆದರೆ ಕಲ್ಲು, ಕೊರಕಲು, ಜಾಲಿಮುಳ್ಳಿನ ದುರ್ಗದ ನೆಲದಲ್ಲಿ ಎರಡು ಸೆಂಟಿಮೀಟರ್ ಎತ್ತರದಲ್ಲಿ ಎಷ್ಟು ದೂರ ಹೋದೀತು?

ತೊಡಕು ಇಲ್ಲಿಗೇ ಮುಗಿಯುವುದಿಲ್ಲ. ತೇಲುವ ವಾಹನಕ್ಕೆ ನೆಲದ ಹಿಡಿತವಿಲ್ಲ. ಚಂದ್ರವಳ್ಳಿಯ ಸುತ್ತಲಿನಂಥ ಇಳಿಜಾರಿನಲ್ಲಿ ನಿಲ್ಲಿಸಿದರೆ ತಾನಾಗಿ ಕೆಳಕ್ಕೆ ಜಾರುತ್ತದೆ. ಗುಂಡು ಹಾರಿಸಿದರೆ ಹಿಂದಕ್ಕೆ ಸರಿಯುತ್ತದೆ. ತಿರುವಿನಲ್ಲಿ ಎಣ್ಣೆ ಚೆಲ್ಲಿದ ನೆಲದ ಮೇಲಿನ ಎತ್ತಿನಂತೆ ಅಡ್ಡಡ್ಡ ಹೋಗುತ್ತದೆ. ಮೇಲೆ ಎಷ್ಟೇ ದಪ್ಪ ಉಕ್ಕು ಹೊದಿಸಿದರೂ ಕೆಳಗಿನ ಲಂಗ ಮೆತ್ತಗೇ ಇರಬೇಕು; ಅದು ಬಾಗದಿದ್ದರೆ ಗಾಳಿ ನಿಲ್ಲದು. ಶತ್ರುವಿಗೆ ಅಷ್ಟು ಸಾಕು.

ಹಾಗಾಗಿ ಸೈನ್ಯಗಳು ಬೇರೆ ದಾರಿ ಹಿಡಿದವು. ಅಮೆರಿಕದ ನೌಕಾಪಡೆಯ ಎಲ್‌ಸಿಎಸಿ ಹೋವರ್‌ಕ್ರಾಫ್ಟ್ ಒಂದು ಇಡೀ ಟ್ಯಾಂಕನ್ನು ಬೆನ್ನ ಮೇಲೆ ಹೊತ್ತು ಹಡಗಿನಿಂದ ದಡ ಮುಟ್ಟಿಸುತ್ತದೆ. ಅದಕ್ಕೆ ಸುಮಾರು 27 ಮೀಟರ್ ಉದ್ದದ ಮೈ ಬೇಕು, ನಾಲ್ಕು ಟರ್ಬೈನುಗಳು ಬೇಕು. ದಡ ಸೇರಿದ ಮೇಲೆ ಟ್ಯಾಂಕು ಇಳಿದು ತನ್ನ ಕಾಲಿನಲ್ಲೇ ನಡೆಯಬೇಕು. 1942ರಲ್ಲಿ ಸೋವಿಯತ್ ಎಂಜಿನಿಯರುಗಳು ಪುಟ್ಟ ಟಿ-60 ಟ್ಯಾಂಕಿಗೆ ರೆಕ್ಕೆ ಕಟ್ಟಿ ವಿಮಾನದಿಂದ ಎಳೆಸಿದ್ದರು. ಭಾರ ತಗ್ಗಿಸಲು ಮೊದಲು ಕಿತ್ತುಹಾಕಿದ್ದು ಆಯುಧವನ್ನೇ! ಆದರೂ ಎಳೆಯುವ ವಿಮಾನ ತಿಣುಕಿತು. ಟ್ಯಾಂಕು ಹೇಗೋ ಕ್ಷೇಮವಾಗಿ ಇಳಿಯಿತು, ಯೋಜನೆ ಅಲ್ಲಿಗೇ ನಿಂತಿತು.

ಕಲ್ಲಿನ ಕವಚ, ಎತ್ತಿನ ಕಾಲು

ಭಾರಕ್ಕೂ ಓಟಕ್ಕೂ ನಡುವಿನ ಈ ಜಗಳ ಚಿತ್ರದುರ್ಗಕ್ಕೆ ಹೊಸದಲ್ಲ. ಚಂದ್ರವಳ್ಳಿಯಿಂದ ತಲೆಯೆತ್ತಿದರೆ ಕಾಣುವ ಬೆಟ್ಟಗಳ ಮೇಲೆ ಪಾಳೆಯಗಾರರ ಏಳು ಸುತ್ತಿನ ಕೋಟೆಯಿದೆ. ಕವಚವೆಂದರೆ ಅದು! ಬಂಡೆಯೇ ಗೋಡೆ, ಗೋಡೆಯೇ ಬಂಡೆ. ಆದರೂ ಒಂದು ಕಿಂಡಿ ಉಳಿದಿತ್ತು. ಆ ಕಿಂಡಿಯಲ್ಲಿ ತೂರಿಬಂದ ಹೈದರನ ಸೈನಿಕರನ್ನು ಓಬವ್ವ ಒನಕೆಯಿಂದ ಬಡಿದ ಕಥೆಯನ್ನು ಕೇಳದ ಕನ್ನಡಿಗರಿಲ್ಲ. ಎಂಥ ಕವಚಕ್ಕೂ ಒಂದು ಕಿಂಡಿ ಇದ್ದೇ ಇರುತ್ತದೆ ಎಂಬುದು ಆ ಕಥೆಯ ಇನ್ನೊಂದು ಪಾಠ. 1779ರಲ್ಲಿ ಕೋಟೆ ಹೈದರನ ವಶವಾಯಿತು. ಗೋಡೆ ಒಡೆದಲ್ಲ, ಒಳಗಿನವರ ದ್ರೋಹದಿಂದ ಎಂಬ ಮಾತು ದುರ್ಗದಲ್ಲಿ ಇಂದಿಗೂ ಇದೆ.

ಹೈದರನ ಬಲ ಇದ್ದದ್ದು ಕವಚದಲ್ಲಲ್ಲ, ಕಾಲಿನಲ್ಲಿ. ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳನ್ನು ಅವನು ಫಿರಂಗಿ ಎಳೆಯಲು ಹೂಡಿದ. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಈ ಎತ್ತುಗಳ ಬಲದಿಂದ ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಕ್ಕೆ ನೆರವಾಯಿತೆಂದು ಹಳೆಯ ಮೈಸೂರಿನ ಬರಹಗಳು ಹೇಳುತ್ತವೆ. ಮುಂದೆ ಬ್ರಿಟಿಷರೂ ಈ ತಳಿಯನ್ನು ಬಿಡದೆ ಸಾಕಿದರು. ಅವುಗಳ ಮೇವಿಗೆಂದೇ ಮೀಸಲಾದ ಹುಲ್ಲುಗಾವಲುಗಳೇ ಅಮೃತ ಮಹಲ್ ಕಾವಲುಗಳು.

ಕಾವಲಿನ ಮೇಲೆ ಹಾರಾಟ

ಆ ಕಾವಲುಗಳಲ್ಲೊಂದು ಚಳ್ಳಕೆರೆ ತಾಲ್ಲೂಕಿನ ವರವು ಕಾವಲು. ರಕ್ಷಣಾ ಸಂಶೋಧನಾ ಸಂಸ್ಥೆ ಇಲ್ಲಿ 4,290 ಎಕರೆಯಲ್ಲಿ ಹಾರಾಟದ ಪರೀಕ್ಷಾ ವಲಯ ಕಟ್ಟಿತು. ಅದರ ಉದ್ಘಾಟನೆ ನಡೆದದ್ದು 2017ರ ಮೇ 28ರಂದು. ಅದಕ್ಕೂ ಮೊದಲೇ, 2016ರ ನವೆಂಬರಿನಲ್ಲಿ, ಬೆಂಗಳೂರಿನಲ್ಲಿ ರೂಪುಗೊಂಡ ಚಾಲಕರಹಿತ ವಿಮಾನ 'ತಪಸ್' ಇಲ್ಲಿಂದ ಮೊದಲ ಬಾರಿ ಹಾರಿತ್ತು. ಕಥೆಗಾರರ ತೇಲುವ ಟ್ಯಾಂಕಿಗೆ ದುರ್ಗದ ಸೀಮೆಯಲ್ಲಿ ಅತಿ ಹತ್ತಿರದ ನಂಟನೆಂದರೆ ಇದೇ. ಆದರೆ ಇದಕ್ಕೆ ಕವಚವಿಲ್ಲ. ಒಳಗೆ ಸಾಯುವವರೇ ಇಲ್ಲದ ಮೇಲೆ ಕವಚವೇಕೆ? ಟ್ಯಾಂಕಿನ ಒಗಟನ್ನು ಕಾಲ ಬಿಡಿಸಿದ್ದು ಹೀಗೆ: ಕವಚವನ್ನು ಹಾರಿಸಲಿಲ್ಲ, ಮನುಷ್ಯನನ್ನು ಇಳಿಸಿತು.

ಭಾರ ಮಾತ್ರ ಇಲ್ಲೂ ಬೆನ್ನು ಬಿಡಲಿಲ್ಲ. 30,000 ಅಡಿ ಎತ್ತರದಲ್ಲಿ 24 ಗಂಟೆ ಹಾರಬೇಕೆಂಬುದು ತಪಸ್‌ನ ಗುರಿ. ಮುಟ್ಟಿದ್ದು 28,000 ಅಡಿ ಮತ್ತು 18 ಗಂಟೆ. ತೂಕ ಹೆಚ್ಚಾಯಿತೆಂಬ ದೂರು ಜೊತೆಗೇ ಬಂತು. 2019ರ ಸೆಪ್ಟೆಂಬರಿನಲ್ಲಿ ಪರೀಕ್ಷಾ ವಿಮಾನವೊಂದು ಜೋಡಿಚಿಕ್ಕೇನಹಳ್ಳಿಯ ಬಳಿ ಬಿತ್ತು. 2023ರ ಆಗಸ್ಟ್ 20ರಂದು ಇನ್ನೊಂದು ಹಿರಿಯೂರು ತಾಲ್ಲೂಕಿನ ವದ್ದೀಕೆರೆಯ ಹೊಲದಲ್ಲಿ ಬಿತ್ತು. ಪುಣ್ಯಕ್ಕೆ ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಮುರಿದ ರೆಕ್ಕೆಯ ಸುತ್ತ ಊರು ನೆರೆಯಿತು.

ವಿಮಾನ ಬಿದ್ದ ಸುದ್ದಿ ಎಲ್ಲೆಡೆ ಮುಟ್ಟಿತು. ಕಾವಲಿಗೆ ಬೇಲಿ ಬಿದ್ದ ಸುದ್ದಿ ಅಷ್ಟು ದೂರ ಹೋಗಲಿಲ್ಲ. ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೆಲ್ಲ ಸೇರಿ ಚಳ್ಳಕೆರೆಯ ಕಾವಲುಗಳಲ್ಲಿ ಹೋದದ್ದು ಸುಮಾರು ಹತ್ತು ಸಾವಿರ ಎಕರೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಹುಲ್ಲೇ ಬದುಕು. ಹುಲ್ಲಿದ್ದರೆ ಕುರಿ, ಕುರಿಯಿದ್ದರೆ ಉಣ್ಣೆ, ಉಣ್ಣೆಯಿದ್ದರೆ ಚಳ್ಳಕೆರೆಯ ಕಂಬಳಿ. ಸುತ್ತಲಿನ ಹಳ್ಳಿಗರು ಪ್ರತಿಭಟಿಸಿದರು, ವ್ಯಾಜ್ಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಬೇಲಿಗಳು ನಿಂತವು.

ದೇಶಕ್ಕೆ ಕವಚ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಪ್ರತಿ ಕವಚಕ್ಕೂ ಭಾರವಿದೆ, ಆ ಭಾರವನ್ನು ಯಾರಾದರೂ ಹೊರಲೇಬೇಕು. ಅಂದು ಅಮೃತ ಮಹಲ್ ಎತ್ತುಗಳು ಹೊತ್ತವು. ಇಂದು ಅದೇ ಹುಲ್ಲಿನ ಮೇಲೆ ಬದುಕು ಕಟ್ಟಿದವರು ಹೊತ್ತಿದ್ದಾರೆ. ಕಥೆಯಲ್ಲಿ ಟ್ಯಾಂಕು ತೇಲಬಹುದು. ಅದರ ಭಾರ ಗಾಳಿಯಲ್ಲಿ ಕರಗುವುದಿಲ್ಲ.

ಮಯೂರಶರ್ಮನೂ ಯುದ್ಧಗಳನ್ನು ಗೆದ್ದವನೇ. ಚಂದ್ರವಳ್ಳಿಯ ಬಂಡೆ ಅವನ ಕತ್ತಿಯ ಜೊತೆಗೆ ಅವನ ಕೆರೆಯನ್ನೂ ನೆನೆಯುತ್ತದೆ. ಬಯಲುಸೀಮೆಯ ಜನಕ್ಕೆ ಇವತ್ತಿಗೂ ಬೇಕಾದ ಟ್ಯಾಂಕು ಅದೇ.