ಬರಹಸಂಪುಟ: ತಿದ್ದುಪಡಿ ಮತ್ತು ಪರಿಷ್ಕರಣ

ಪದವಿ ವಿದ್ಯಾರ್ಥಿಯು ತನ್ನ ಹಿಂದಿನ ಪ್ರಬಂಧಗಳನ್ನು ಪರಿಷ್ಕರಿಸಿ, ಅವುಗಳ ಬಗೆಗೆ ಅವಲೋಕನ ಟಿಪ್ಪಣಿಯೊಂದನ್ನು ಸೇರಿಸಿ ಒಪ್ಪಿಸುವ ಸಂಕಲನವನ್ನು ಬರಹಸಂಪುಟವೆನ್ನಬಹುದು. ಕಾಗುಣಿತ ತಿದ್ದಿ ಶುದ್ಧಪ್ರತಿ ಮಾಡುವುದನ್ನೇ ಪರಿಷ್ಕರಣವೆಂದು ಭಾವಿಸುವ ರೂಢಿ ನಮ್ಮ ತರಗತಿಗಳಲ್ಲಿದೆ.

ಕೆಂಗೇರಿಯ ವಿದ್ಯಾರ್ಥಿನಿಯೊಬ್ಬಳು 'ಬೆಂದಕಾಳೂರು' ಐತಿಹ್ಯವನ್ನು ನೆಚ್ಚಿ ಬೆಂಗಳೂರಿನ ಹೆಸರನ್ನು ಕುರಿತು ಪ್ರಬಂಧ ಬರೆದಳೆಂದು ಇಟ್ಟುಕೊಳ್ಳೋಣ. ಆ ಐತಿಹ್ಯದ ವೀರಬಲ್ಲಾಳನು 12ನೆಯ ಶತಮಾನದ ಹೊಯ್ಸಳ ದೊರೆ. ಬೆಂಗಳೂರಿನ ಕಾಳಗವನ್ನು ಹೆಸರಿಸುವ ಬೇಗೂರಿನ ಶಾಸನವಾದರೋ ಸುಮಾರು ಕ್ರಿ.ಶ. 890ರದು. ಶಾಸನವನ್ನು ಓದಿದ ಬಳಿಕ ಅವಳು ಒಂದು ವಾಕ್ಯವನ್ನು ಸೇರಿಸಿದರೆ ಅದು ತಿದ್ದುಪಡಿ ಮಾತ್ರ. ಹೆಸರೇ ಕಥೆಗಿಂತ ಹಳೆಯದಾಗಿರುವಾಗ ಈ ಕಥೆ ಏಕೆ ಹುಟ್ಟಿತು, ಜನ ಅದನ್ನೇಕೆ ಉಳಿಸಿಕೊಂಡರು ಎಂಬ ಪ್ರಶ್ನೆಯತ್ತ ಪ್ರಬಂಧವೇ ಹೊರಳಿದರೆ ಅದು ಪರಿಷ್ಕರಣ. ಹಾಗೆ ಹೊರಳಿದ ಕಾರಣವನ್ನು ಟಿಪ್ಪಣಿ ಹೇಳಬೇಕು. 'ಇನ್ನೂ ಚೆನ್ನಾಗಿ ಬರೆಯಲು ಯತ್ನಿಸಿದ್ದೇನೆ' ಎಂಬ ವಿನಯದ ಮಾತಿನಿಂದ ಓದುಗನಿಗೆ ಏನೂ ತಿಳಿಯದು.

ಕನ್ನಡ ವಿದ್ವತ್ತಿಗೆ ಇದು ಹೊಸದಲ್ಲ. 1907ರಲ್ಲಿ ಹೊರಬಂದ 'ಕರ್ಣಾಟಕ ಕವಿಚರಿತೆ'ಯ ಮೊದಲ ಸಂಪುಟವನ್ನು ಆರ್. ನರಸಿಂಹಾಚಾರ್ಯರು 1924ರಲ್ಲಿ ಪರಿಷ್ಕರಿಸಿ ಪ್ರಕಟಿಸಿದರು. ಎರಡೂ ಮುದ್ರಣಗಳು ಉಳಿದಿರುವುದರಿಂದ ಹೋಲಿಕೆ ಸಾಧ್ಯವಾಗಿದೆ. ವಿದ್ಯಾರ್ಥಿಯ ಮೊದಲ ಪ್ರತಿಯಾದರೋ ಆಂತರಿಕ ಅಂಕ ನಮೂದಾದೊಡನೆ ರದ್ದಿಗೆ ಸೇರುತ್ತದೆ. ಎರಡು ಪ್ರತಿಗಳನ್ನೂ ಒಟ್ಟಿಗೆ ಒಪ್ಪಿಸುವಂತೆ ಅಧ್ಯಾಪಕರು ಕೇಳುವುದು ಉಚಿತ. ಅಂಕವೂ ಅವೆರಡರ ನಡುವಣ ಅಂತರವನ್ನು ನೋಡಿ ಬೀಳಬೇಕು.